ಮಧ್ಯಾಹ್ನದ ಕಲ್ಲುಹೂ

ನಡುಮಧ್ಯಾಹ್ನ ನಮ್ಮೂರಿಗೆ ಬಂದವರು ಹೆದರಿಕೊಂಡು ವಾಪಸು ಹೋದದ್ದುಂಟು. ಅಂಗಡಿ ತೆರೆದೇ ಇರುತ್ತದೆ, ಗಲ್ಲಾದ ಹಿಂದೆ ಯಾರೂ ಇರುವುದಿಲ್ಲ. ಬಾವಿಕಟ್ಟೆಯ ಮೇಲೆ ಕೊಡ ಕೂತಿರುತ್ತದೆ, ಸೇದುವವರಿಲ್ಲ. ಗಾಡಿಯಿಂದ ಬಿಚ್ಚಿದ ಎತ್ತುಗಳು ತಾವೇ ನೆರಳು ಹುಡುಕಿಕೊಂಡು ಮೆಲುಕು ಹಾಕುತ್ತಿರುತ್ತವೆ. "ಕಳ್ಳಕಾಕರ ಭಯ ಇಲ್ಲವಾ ನಿಮಗೆ?" ಅಂತ ಕೇಳುತ್ತಾರೆ. ಅಯ್ಯೋ, ನಮ್ಮೂರ ಕಳ್ಳನೂ ಉಂಡು ಮಲಗಿರುತ್ತಾನೆ ಕಣ್ರಪ್ಪಾ! ಅವನಿಗೂ ಒಂದು ಮನೆಯುಂಟು, ಮನೆಗೊಂದು ಮರವುಂಟು, ಮರದ ಮೇಲೆ ಕಲ್ಲುಹೂವುಂಟು.

ಕಲ್ಲುಹೂ ನಿಮಗೆ ಗೊತ್ತಿರುವುದೇ. ಮಸಾಲೆಗೆ ಹಾಕುತ್ತೀರಲ್ಲ, ಮೇಲೆ ಬೂದಿ ಬಣ್ಣ, ಕೆಳಗೆ ಕರಿ, ಸುಟ್ಟ ಹಪ್ಪಳದ ಚೂರಿನ ಹಾಗೆ ಅಂಚು ಮುದುರಿಕೊಂಡಿರುವುದು. ಬಿಸಿ ಎಣ್ಣೆಗೆ ಬೀಳುವವರೆಗೂ ವಾಸನೆ ಬಿಡದ ಬಿಗುಮಾನದ ವಸ್ತು. ಊರಾಚೆಯ ಕಾಡಿನಲ್ಲಿ ಅದು ಬೇಕಾದಷ್ಟಿದೆ. ಮಳೆ ನಿಂತ ಮೇಲೆ ತೊಗಟೆಯಿಂದ ಮೆಲ್ಲಗೆ ಎಬ್ಬಿಸಿ, ಒಣಗಿಸಿ, ಚೀಲ ತುಂಬಿ ಬಯಲಿನ ಸಂತೆಗೆ ಕಳಿಸುತ್ತೇವೆ. ಕೆಮ್ಮಿಗೆ ಕಷಾಯ ಮಾಡುತ್ತೇವೆ, ಗಾಯಕ್ಕೆ ಪುಡಿ ಉದುರಿಸುತ್ತೇವೆ, ನೂಲಿಗೆ ಬಣ್ಣ ಕಟ್ಟುತ್ತೇವೆ. ಅದು ಕಾಡಿನದು. ಮನೆಮರದ ಕಲ್ಲುಹೂ ಬೇರೆ. ಕಾಡಂಚಿನಲ್ಲಿ ಒಂದೊಂದು ಮನೆಗೂ ಒಂದು ಮರ, ಅದರ ಮೈಮೇಲೆ ಹಿರಿಯರು ಕಟ್ಟಿ ಬೆಳೆಸಿದ ಕಲ್ಲುಹೂ. ತಲೆಗೊಂದು ಸಾಸಿವೆಕಾಳಿನಷ್ಟು ಚೂರು ಮುರಿದು ಸಾರಿನ ಒಗ್ಗರಣೆಗೆ ಹಾಕಿದರೆ, ಉಂಡ ಮನೆಮಂದಿಯೆಲ್ಲ ಮಧ್ಯಾಹ್ನ ಮಲಗಿ ಒಂದೇ ಕನಸು ಕಾಣುತ್ತಾರೆ.

ನಮಗೆ ಇದು ಅಭ್ಯಾಸವಾಗಿದೆ. ಕನಸಿನಲ್ಲಿ ನಮ್ಮ ಮನೆಯೇ ಇರುತ್ತದೆ, ನಮ್ಮವರೇ ಇರುತ್ತಾರೆ, ಬೆಳಕು ಒಂದಿಷ್ಟು ಜಾಸ್ತಿ ಅಷ್ಟೆ. ಕನಸಿನ ಜಗಳವನ್ನು ಎದ್ದ ಮೇಲೆ ಮುಂದುವರಿಸಬಾರದು ಅಂತ ಕಟ್ಟಳೆಯಿದೆ, ಯಾರೂ ಪಾಲಿಸುವುದಿಲ್ಲ. ಪಕ್ಕದ ಮನೆಯ ಅಣ್ಣತಮ್ಮಂದಿರು ಪಾಲಾದಾಗ ಕಲ್ಲುಹೂವನ್ನೂ ಹರಿದು ಹಂಚಿಕೊಂಡರು. ಅಣ್ಣನ ಪಾಲಿಗೆ ಕನಸಿನ ಅಡುಗೆಮನೆ ಬಂತು, ತಮ್ಮನಿಗೆ ಬರೀ ದನದ ಕೊಟ್ಟಿಗೆ. ಪಾಪ, ಆ ತಮ್ಮನ ಹೆಂಡತಿ ಇವತ್ತಿಗೂ ಎದ್ದ ಕೂಡಲೇ ಸೀರೆಗೆ ಸಗಣಿ ಮೆತ್ತಿದೆಯಾ ಅಂತ ನೋಡಿಕೊಳ್ಳುತ್ತಾಳೆ. ಹೊಗೆ ತಾಗಿದರೆ ಕಲ್ಲುಹೂ ಬದುಕುವುದಿಲ್ಲ, ಅದಕ್ಕೇ ಕಮ್ಮಾರನೂ ಕುಂಬಾರನೂ ಗಾಳಿ ಕಾಡಿನ ಕಡೆ ಬೀಸದ ದಿಕ್ಕಿನಲ್ಲಿ ಮನೆ ಮಾಡಿಕೊಂಡಿದ್ದಾರೆ. ಇನ್ನೊಂದು ಹೇಳಬೇಕು. ಆ ಮರದ್ದು ಉಂಡು ಬಾಳಿದವರು ಸತ್ತ ಮೇಲೂ ಆ ಮನೆಯ ಕನಸಿನಲ್ಲಿ ಇರುತ್ತಾರೆ. ಹಾಗಾಗಿ ನಮ್ಮೂರಲ್ಲಿ ಸಾವಿನ ಮನೆಯ ಅಳು ಊಟದ ಹೊತ್ತಿಗೆ ನಿಲ್ಲುತ್ತದೆ.

ನಮ್ಮ ಯಜಮಾನರು ರುದ್ರಯ್ಯನವರು ಹೋದಾಗ ನನ್ನ ಮಗ ಹಾಲಪ್ಪನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಅವರಿಗೆ ಎಡಗಾಲು ಸ್ವಲ್ಪ ಎಳೆತ. ನಡೆದರೆ ಒಂದು ಹೆಜ್ಜೆ ಸರಕ್, ಒಂದು ಹೆಜ್ಜೆ ಟಪ್. ಕನಸಿನಲ್ಲೂ ಹಾಗೆಯೇ. ನಾನು ಉಂಡು ಚಾಪೆಗೆ ತಲೆ ಕೊಟ್ಟರೆ ಸಾಕು, ಸರಕ್ ಟಪ್ ಅಂತ ಪಡಸಾಲೆಗೆ ಬಂದು, ಹಗ್ಗ ಹೊಸೆಯುತ್ತಾ ಕೂತು, "ಏನೇ, ಇವತ್ತು ಸಾರಿಗೆ ಉಪ್ಪು ಕಮ್ಮಿ" ಅನ್ನುತ್ತಿದ್ದರು. ಸತ್ತ ಮೇಲೂ ಉಪ್ಪಿನ ತಕರಾರು ನೋಡಿ! ನನಗೆ ಅಷ್ಟೇ ಸಾಕಾಗಿತ್ತು. ಪುಟ್ಟತಾಯಮ್ಮ ಗಂಡ ಸತ್ತವಳು ಅಂತ ಯಾರಾದರೂ ಅಂದರೆ, ಬೇರೆ ಯಾವಳೋ ಪುಟ್ಟತಾಯಮ್ಮನ ಸುದ್ದಿ ಅನ್ನುವ ಹಾಗೆ ಕೇಳಿಸಿಕೊಳ್ಳುತ್ತಿದ್ದೆ.

ಹಾಲಪ್ಪ ದೊಡ್ಡವನಾಗಿ ಕಾಡು ಕಲ್ಲುಹೂವಿನ ಚೀಲಗಳನ್ನು ಗಾಡಿಗೆ ಹೇರಿ ಬಯಲಿಗೆ ಹೋಗತೊಡಗಿದ. ಅಲ್ಲೊಂದು ಖಾನಾವಳಿಗೆ ಖಾಯಂ ಕೊಡುತ್ತಿದ್ದ. ಖಾನಾವಳಿಯಾಕೆಯ ಮಗಳು ಚೆನ್ನಾಜಿ. ಮಸಾಲೆ ಕುಟ್ಟುವುದರಲ್ಲಿ ಅವಳನ್ನು ಮೀರಿಸುವವರಿಲ್ಲವಂತೆ, ಮೂಗಿನ ತುದಿಯಲ್ಲಿ ಯಾವಾಗಲೂ ಅರಿಸಿನದ ಪುಡಿಯಂತೆ. ಕಲ್ಲುಹೂ ಕೊಟ್ಟು ಬರುತ್ತೇನೆಂದು ಹೋದವನು ಒಂದು ಸಲ ಮನಸ್ಸನ್ನೂ ಕೊಟ್ಟು ಬಂದ. ಬಯಲಿನ ಹುಡುಗಿ, ಅವಳ ಕಡೆ ಮರವೇ ಇಲ್ಲ, ಕಲ್ಲುಹೂ ಅಂದರೆ ಅವರಿಗೆ ಚೀಲದಲ್ಲಿ ಬರುವ ಸಾಮಾನು. ನಾನು ಬೇಡ ಅಂದೆ. ಮಗ ಊಟ ಬಿಟ್ಟ. ಊಟ ಬಿಟ್ಟರೆ ಕನಸಿಗೆ ಬರುವುದಿಲ್ಲವಲ್ಲ, ಮಧ್ಯಾಹ್ನ ಇವರು ನನ್ನನ್ನು ಪೀಡಿಸತೊಡಗಿದರು, "ಹುಡುಗ ಎಲ್ಲೇ? ಏನು ಮಾಡಿದೆ ಅವನಿಗೆ?" ಅಂತ. ಆಯಿತು, ಏನಾದರೂ ಮಾಡಿಕೊಳ್ಳಿ ಅಂತ ಒಪ್ಪಿಕೊಂಡೆ.

ನಮ್ಮಲ್ಲಿ ಮದುವೆಯ ಮಾರನೆಯ ದಿನ ಹೂ ಕಟ್ಟುವ ಶಾಸ್ತ್ರ. ಮದುವಣಗಿತ್ತಿ ತವರಿನ ಮರದಿಂದ ಒಂದು ತುಂಡು ತಂದು, ತನ್ನ ಸೆರಗಿನ ನೂಲು ಎಳೆದು, ಗಂಡನ ಮನೆಯ ಕಲ್ಲುಹೂವಿನ ಪಕ್ಕಕ್ಕೆ ಕಟ್ಟಬೇಕು. ವರ್ಷಗಳು ಕಳೆದು ಅಂಚಿಗೆ ಅಂಚು ಕೂಡಿದ ದಿನ ಅವಳು ಆ ಮನೆಯ ಕನಸಿಗೆ ಬರುತ್ತಾಳೆ. ಅಲ್ಲಿಯವರೆಗೆ ಡಬ್ಬಿಯಲ್ಲಿ ತಂದ ತವರಿನ ಚೂರು ಉಂಡು ತವರಿನ ಕನಸು ಕಾಣುತ್ತಿರುತ್ತಾಳೆ. ಊರ ಹೆಂಗಸರೆಲ್ಲ ಮರದ ಕೆಳಗೆ ಸೇರಿದ್ದರು. ಹೂ ಕಟ್ಟಿಸುವ ಕಾಳಕ್ಕ ಎಲೆಅಡಿಕೆ ಜಗಿಯುತ್ತಾ, "ತಾ ಮಗಳೇ" ಅಂತ ಕೈ ಒಡ್ಡಿದಳು. ಚೆನ್ನಾಜಿ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಒಣ ಕಲ್ಲುಹೂ ಇಟ್ಟಳು. ಕಾಳಕ್ಕ ಮೂಸಿ ನೋಡಿ, "ಅಯ್ಯೋ ನನ್ನವ್ವಾ, ಇದು ನಮ್ಮ ಕಾಡಿನದೇ! ನಿನ್ನ ಗಂಡ ನಿಮ್ಮವ್ವನಿಗೆ ಮಾರಿದ್ದನ್ನೇ ಕಟ್ಟಿಕೊಂಡು ಬಂದಿದೀಯಲ್ಲೇ!" ಅಂದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚೆನ್ನಾಜಿಯೂ ನಕ್ಕಳು, ಆದರೂ ನೂಲು ಎಳೆದು ಕಟ್ಟಿಯೇ ಕಟ್ಟಿದಳು. ನಾವು ಮನೆ ಸೇರುವುದರೊಳಗೆ ಗಾಳಿ ಅದನ್ನು ಹಾರಿಸಿಕೊಂಡು ಹೋಯಿತು.

ಅಂದಿನಿಂದ ಅವಳು ನಮ್ಮ ಸಾರನ್ನೇ ಉಣ್ಣುತ್ತಿದ್ದಳು. ಅವಳಿಗೆ ಅದು ಬರೀ ಸಾರು. ನಾವು ಮಲಗಿದರೆ ಅವಳೊಬ್ಬಳೇ ಎಚ್ಚರ. ನಾವು ಎದ್ದಾಗ ಅಕ್ಕಿ ಆರಿಸಿ ಮುಗಿಸಿ ಹೊಸ್ತಿಲಿನ ಹತ್ತಿರ ಕೂತಿರುತ್ತಿದ್ದಳು. ಕಣ್ಣು ಬಿಡುವುದನ್ನೇ ಕಾಯುತ್ತಿದ್ದವಳ ಹಾಗೆ, "ಇವತ್ತು ಮಾವ ಏನಂದರು ಅತ್ತೆ?" ಅಂತ ಕೇಳುತ್ತಿದ್ದಳು. ಹಾಲಪ್ಪನೂ ನಾನೂ ಕನಸಿನ ಯಾವುದೋ ಮಾತು ನೆನೆದು ಕಿಸಕ್ಕನೆ ನಕ್ಕರೆ ಅವಳು ನಮ್ಮಿಬ್ಬರ ಮುಖ ನೋಡುವಳು. "ಅದನ್ನ ಹೇಳೋಕಾಗಲ್ಲ ಕಣೆ, ನೋಡಬೇಕು" ಅನ್ನುತ್ತಿದ್ದೆ ನಾನು. ಅವಳು ತಲೆಯಾಡಿಸಿ ಒಳಗೆ ಹೋಗುತ್ತಿದ್ದಳು.

ಬೇಸಿಗೆ ಬಂತು. ಒಂದು ದಿನ ಕನಸಿನಲ್ಲಿ ಹಿತ್ತಲ ಬೇಲಿ ಕಾಣಲಿಲ್ಲ. ಬೇಲಿ ಇರಬೇಕಾದ ಕಡೆ ಬೆಳ್ಳಗೆ, ಮಂಜಿನ ಹಾಗೆ. ನಾನು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಕೋಳಿಗೂಡು ಹೋಯಿತು. ಬಚ್ಚಲುಮನೆ ಹೋಯಿತು, ಹಂಡೆ ಮಾತ್ರ ಮಂಜಿನಲ್ಲಿ ನಿಂತಿತ್ತು. "ಮರ ನೋಡಿ ಬಾರೋ" ಅಂತ ಮಗನನ್ನು ಅಟ್ಟಿದೆ. ಬೆಳಿಗ್ಗೆ ಹೋಗಿ ಬಂದು, "ಕಲ್ಲುಹೂ ಹಸುರಾಗಿ ಮೆತ್ತಗೆ ಇದೆ ಅವ್ವ, ಯಾವತ್ತೂ ಇಷ್ಟು ಚೆನ್ನಾಗಿರಲಿಲ್ಲ" ಅಂದ. ಗಂಡಸರನ್ನು ಕಳಿಸಿದರೆ ಇಷ್ಟೇ! ಬೇಸಿಗೆಯಲ್ಲಿ ಕಲ್ಲುಹೂ ಹಸುರಾಗಿ ಯಾಕಿದೆ ಅಂತ ಅವನಿಗೂ ಹೊಳೆಯಲಿಲ್ಲ, ಮಂಡಿನೋವಿನ ಗೋಳಿನಲ್ಲಿ ನನಗೂ ಹೊಳೆಯಲಿಲ್ಲ.

ಆಮೇಲೊಂದು ಮಧ್ಯಾಹ್ನ ಮಲಗಿದರೆ ಸರಕ್ ಟಪ್ ಕೇಳಿಸಲಿಲ್ಲ. ಜಗಲಿಗೆ ಬಂದು ನೋಡಿದೆ. ಇವರು ಕಂಬಕ್ಕೆ ಒರಗಿ ಕೂತಿದ್ದರು, ಹಗ್ಗ ತೊಡೆಯ ಮೇಲಿತ್ತು, ಮಂಡಿಯ ಕೆಳಗೆ ಮಂಜು. "ಯಾಕ್ರೀ, ಒಳಗೆ ಬರಲ್ವಾ?" ಅಂದೆ. "ಏಳೋಕಾಗ್ತಿಲ್ಲ ಕಣೆ. ಕಾಲು ಎಲ್ಲೋ ಇಟ್ಟು ಮರೆತಿದೀನಿ" ಅಂದರು. ಕನ್ನಡಕ ಇಟ್ಟು ಮರೆತವರ ಹಾಗೆ, ಬೇಜಾರಿಲ್ಲದೆ ಅಂದರು. ಹಾಲಪ್ಪ ಆಗ ಕನಸಿನ ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟುತ್ತಿದ್ದ, ಅವನಿಗೆ ಇದು ಕೇಳಿಸಿರಲಿಲ್ಲ. ಎದ್ದ ಮೇಲೆ ಅವನಿಗೂ ಹೇಳಲಿಲ್ಲ, ಚೆನ್ನಾಜಿ ಕೇಳಿದರೂ ಹೇಳಲಿಲ್ಲ. ಬಾಯಿಬಿಟ್ಟು ಆಡಿದರೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತ್ತು.

ಮರುದಿನ ಊಟಕ್ಕೆ ಕೂರಲಿಲ್ಲ. ಹೊಟ್ಟೆ ಸರಿಯಿಲ್ಲ ಅಂತ ಗೋಡೆ ಕಡೆ ತಿರುಗಿ ಮಲಗಿದೆ. ಹಾಲಪ್ಪನ ಗೊರಕೆ ಶುರುವಾದ ಮೇಲೆ ಎದ್ದು, ಕೋಲು ಊರಿಕೊಂಡು ಕಾಡಿನ ದಾರಿ ಹಿಡಿದೆ. ಚೆನ್ನಾಜಿ ಮನೆಯಲ್ಲಿರಲಿಲ್ಲ, ಬಾವಿಗೆ ಹೋಗಿರಬೇಕು ಅಂದುಕೊಂಡೆ. ಬಾವಿಗೇ ಹೋಗಿದ್ದಳು. ನಾನು ಮರದ ಹತ್ತಿರ ಹೋದಾಗ ಕೊಡ ಹೊತ್ತು ನಿಂತಿದ್ದಳು. ಸೊಂಟದ ಮೇಲಿನ ಕೊಡದಿಂದ ಅಂಗೈ ತುಂಬ ನೀರೆತ್ತೆತ್ತಿ, ನಮ್ಮ ಕಲ್ಲುಹೂವಿಗೆ ಎಳೆಗೂಸಿಗೆ ಎರೆಯುವ ಹಾಗೆ ಎರೆಯುತ್ತಿದ್ದಳು. ಅದರ ಅಂಚು ಕೊಳೆತು, ತೊಗಟೆಯಿಂದ ಬಿಟ್ಟುಕೊಂಡು, ನೆನೆದ ಹಪ್ಪಳದ ಹಾಗೆ ಜೋಲುತ್ತಿತ್ತು.

ನಾನು ಏನೇನು ಬೈದೆನೋ ಎಲ್ಲವೂ ನೆನಪಿಲ್ಲ. "ಕೊಂದೆಯಲ್ಲೇ! ನನ್ನ ಗಂಡನನ್ನ ಕೊಂದೆಯಲ್ಲೇ, ಮನೆಹಾಳಿ!" ಅಂದದ್ದು ನೆನಪಿದೆ. ಕೊಡ ಅವಳ ಕೈಯಿಂದ ಜಾರಿ ಉರುಳಿತು. "ಒಣಗಿ ಹೋಗಿತ್ತು ಅತ್ತೆ," ಅಂದಳು, "ನಮ್ಮ ಖಾನಾವಳಿ ಚೀಲದಲ್ಲಿ ಇರ್ತಿತ್ತಲ್ಲ, ಹಂಗೇ ಆಗಿಹೋಗಿತ್ತು. ಸಾಯ್ತಿದೆ ಅಂದುಕೊಂಡೆ. ನೀರು ಹಾಕಿದ ತಕ್ಷಣ ಹಸುರಾಯ್ತು. ನಮ್ಮ ಕಡೆ ಏನು ಬಾಡಿದರೂ ನೀರೇ ಅಲ್ವಾ ಹಾಕೋದು?" ನಾನು ಏದುಸಿರು ಬಿಡುತ್ತಾ ನಿಂತೆ. ಅವಳು ನೆಲ ನೋಡಿಕೊಂಡು, "ನೀವೆಲ್ಲ ಅದರೊಳಗಿದೀರಿ. ದೊಡ್ಡದಾಗಿ ಬೆಳೆದರೆ ನನಗೂ ಒಂಚೂರು ಜಾಗ ಆಗಬಹುದು ಅಂತ" ಅಂದಳು. ಬೈಗುಳ ನನ್ನ ಬಾಯಲ್ಲೇ ಉಳಿಯಿತು, ಆದರೆ ಸಿಟ್ಟು ಇಳಿಯಲಿಲ್ಲ.

ಸಂಜೆಗೆ ಕಾಳಕ್ಕನನ್ನು ಕರೆತಂದೆವು. ಅವಳು ಕೊಳೆತದ್ದನ್ನೆಲ್ಲ ಕಿತ್ತು ಬಿಸಾಡಿದಳು. ಮರದ ಮೈಯನ್ನೆಲ್ಲ ಮುಚ್ಚಿದ್ದ ಕಲ್ಲುಹೂವಿನಲ್ಲಿ ಅಂಗೈಯಗಲ ಉಳಿಯಿತು. "ಇದು ಒಂದು ಜೀವ ಅಲ್ಲ ಕಣಮ್ಮ, ಎರಡು," ಅಂತ ಚೆನ್ನಾಜಿಗೆ ಹೇಳಿದಳು, "ಒಂದು ಮನೆ ಕಟ್ಟುತ್ತೆ, ಇನ್ನೊಂದು ಅಡುಗೆ ಮಾಡುತ್ತೆ. ಬೇರೇನೂ ಬೇಡ ಇವಕ್ಕೆ, ಗಾಳಿ, ಒಂದಿಷ್ಟು ಇಬ್ಬನಿ. ಬಿಸಿಲು ಬಂದರೆ ಒಣಗಿ ಎರಡೂ ಮಲಗುತ್ತವೆ. ನೀನು ಮಲಗೋಕೇ ಬಿಡಲಿಲ್ಲವಲ್ಲೇ ಅವನ್ನ." ಚೆನ್ನಾಜಿ ಆಗ ಅತ್ತಳು. ನಮ್ಮ ಮನೆಗೆ ಬಂದ ಮೇಲೆ ಮೊದಲ ಸಲ.

ಹಳೆಯ ಮರದ ತೊಗಟೆ ನೆನೆದುಹೋಗಿದ್ದರಿಂದ ಉಳಿದ ತುಂಡನ್ನು ಬೆಳಗಿನ ಬಿಸಿಲು ಬೀಳುವ ಬೇರೊಂದು ಹೊನ್ನೆ ಮರಕ್ಕೆ ಕಟ್ಟಬೇಕಿತ್ತು. ಕಾಳಕ್ಕ ತುಂಡನ್ನು ಚೆನ್ನಾಜಿಯ ಕಡೆ ಚಾಚಿದಳು. "ಕೊಂದವಳ ಕೈಗೇ ಕೊಡ್ತೀಯಾ?" ಅಂತ ನಾನು ಸಿಡುಕಿದೆ. "ನಿನ್ನ ಕೈ ನೋಡ್ಕೋ" ಅಂದಳು ಕಾಳಕ್ಕ. ನೋಡಿಕೊಂಡರೆ ಗಡಗಡ ನಡುಗುತ್ತಿತ್ತು. ಚೆನ್ನಾಜಿ ಸೆರಗಿನಿಂದ ನೀಲಿ ನೂಲು ಎಳೆದು, ತುಂಡನ್ನು ತೊಗಟೆಗೆ ಒತ್ತಿಟ್ಟು, ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಸುತ್ತಿದಳು. "ಇನ್ನು ಯಾರೂ ಮುಟ್ಟಬೇಡಿ. ಬದುಕಿದರೆ ವರ್ಷಕ್ಕೆ ಉಗುರಂಚಿನಷ್ಟು ಬೆಳೆಯುತ್ತೆ. ನಾನು ಹೇಳೋವರೆಗೂ ಚೂರು ಮುರೀಕೂಡದು" ಅಂದಳು ಕಾಳಕ್ಕ.

ಆವತ್ತಿನಿಂದ ನಮ್ಮ ಸಾರು ಬರೀ ಸಾರಾಯಿತು. ಚಾಪೆ ಹಾಸಿ ಕಣ್ಣು ಮುಚ್ಚಿದರೆ ಕಣ್ಣಿನೊಳಗೆ ಕತ್ತಲೆ ಬಿಟ್ಟು ಏನೂ ಇಲ್ಲ. ಗಂಡ ಸತ್ತವಳು ಅಂದರೆ ಏನು ಅಂತ ನನಗೆ ಆಗ ಗೊತ್ತಾಯಿತು. ಇಷ್ಟು ವರ್ಷ ಮುಂದೂಡಿದ್ದ ಅಳುವೆಲ್ಲ ಒಟ್ಟಿಗೆ ಬಂತು. ಹಾಲಪ್ಪ ಬಂದದ್ದಕ್ಕೆ ಹೊಂದಿಕೊಂಡು ನಡೆಯುವ ಮನುಷ್ಯ, ಮಧ್ಯಾಹ್ನ ಸುಮ್ಮನೆ ಗೊರಕೆ ಹೊಡೆಯುವುದನ್ನು ಕಲಿತುಕೊಂಡ. ನಾನು ಸೊಸೆಯ ಜೊತೆ ಮಾತು ಬಿಟ್ಟೆ. ಅವಳು ತಟ್ಟೆ ಇಟ್ಟರೆ ಉಣ್ಣುವುದು, ಎತ್ತಿದರೆ ಏಳುವುದು.

ಆದರೆ ಎಚ್ಚರವಾಗಿರುವವಳು ಎಷ್ಟು ಹೊತ್ತು ಅಂತ ಗೋಡೆ ನೋಡುತ್ತಾಳೆ? ಒಂದು ಮಧ್ಯಾಹ್ನ ಚೆನ್ನಾಜಿ ಬಾಗಿಲು ದಾಟಿದ್ದು ಕಂಡು ಹಿಂದೆಯೇ ಹೋದೆ. ಹುಟ್ಟಿದಾಗಿನಿಂದ ಇದೇ ಊರಲ್ಲಿದ್ದರೂ ನಾನು ನಮ್ಮೂರ ಮಧ್ಯಾಹ್ನವನ್ನು ನೋಡಿರಲಿಲ್ಲ. ಬೀದಿಗೆ ಬೀದಿಯೇ ಉಸಿರಾಡುತ್ತಿತ್ತು. ಬೆಕ್ಕುಗಳು ದಾರಿಯ ನಡುವೆ ಯಜಮಾನರ ಹಾಗೆ ನಡೆಯುತ್ತಿದ್ದವು. ತೆರೆದ ಬಾಗಿಲುಗಳ ಒಳಗೆ ಮಲಗಿದವರು ಯಾರದೋ ಮಾತಿಗೆ ನಗುತ್ತಿದ್ದರು, ಯಾರಿಗೋ ಹೂಂ ಅನ್ನುತ್ತಿದ್ದರು. ಚೆನ್ನಾಜಿ ಒಂದು ಮನೆಗೆ ನುಗ್ಗಿ ಉಕ್ಕುತ್ತಿದ್ದ ಹಾಲನ್ನು ಇಳಿಸಿದಳು. ಇನ್ನೊಂದರಲ್ಲಿ ಕೂಸು ಅಳುವ ಮೊದಲೇ ತೊಟ್ಟಿಲು ತೂಗಿದಳು. ಅಂಗಳದ ಸಂಡಿಗೆಗೆ ಬಂದ ಕಾಗೆಯನ್ನು ಓಡಿಸಿದಳು, ಸರದಿ ತಪ್ಪದ ಹಾಗೆ, ದಿನದ ಕೆಲಸ ಅನ್ನುವ ಹಾಗೆ. ಅವಳು ನಮ್ಮೂರಿಗೆ ಬಂದಾಗಿನಿಂದ ಯಾರ ಮನೆಯ ಹಾಲೂ ಮಧ್ಯಾಹ್ನ ಉಕ್ಕಿರಲಿಲ್ಲ. ಊರವರು ಅದನ್ನು ಒಲೆಗಳ ಒಳ್ಳೆಯತನ ಅಂದುಕೊಂಡಿದ್ದರು. "ಇದನ್ನ ಯಾವಾಗಿನಿಂದ ಮಾಡ್ತಿದೀಯೇ?" ಅಂದೆ. ಮಾತು ಬಿಟ್ಟಿದ್ದೇನೆ ಅನ್ನುವುದೇ ಮರೆತುಹೋಗಿತ್ತು. "ಎಲ್ಲರೂ ಮಲಗಿದಾರಲ್ಲ ಅತ್ತೆ, ಒಬ್ಬರಾದರೂ ನೋಡ್ಕೋಬೇಕಲ್ವಾ" ಅಂದಳು. ಮುಂದಿನ ಮನೆಯ ಕಾಗೆಯನ್ನು ನಾನೇ ಓಡಿಸಿದೆ.

ಆಮೇಲೆ ನಾವಿಬ್ಬರೂ ಒಟ್ಟಿಗೇ ಹೊರಡುತ್ತಿದ್ದೆವು. ಮಳೆಗಾಲಗಳು ಬಂದವು, ಹೋದವು. ಮೊದಲ ಮಳೆಗಾಲದಲ್ಲಿ ಮರದ ಮೇಲಿನ ತುಂಡು ಸತ್ತೇ ಹೋಯಿತು ಅನ್ನಿಸಿತ್ತು. ಚೆನ್ನಾಜಿ ಹೋಗಿ ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡಿ ಬರುತ್ತಿದ್ದಳು, ಮುಟ್ಟುತ್ತಿರಲಿಲ್ಲ. ಒಂದು ಚಳಿಗಾಲ, ನೀಲಿ ನೂಲಿನ ಮೇಲೆ ಬೂದಿ ಬಣ್ಣದ ಒಂದು ನೆರಿಗೆ ಹತ್ತಿಕೊಂಡು ಬಂದಿತ್ತು. ಅವಳು ಓಡಿ ಬಂದು ನನ್ನನ್ನು ಎಳೆದುಕೊಂಡು ಹೋಗಿ ತೋರಿಸಿದಳು. ದಾರಿಯುದ್ದಕ್ಕೂ ನಾನು ಅವಳಿಗೆ ಇವರ ಸುದ್ದಿ ಹೇಳುತ್ತಿದ್ದೆ, ಹಗ್ಗ ಹೊಸೆಯುವುದು, ಉಪ್ಪಿನ ತಕರಾರು, ಮದುವೆಯ ದಿನ ಚಪ್ಪಲಿ ಕಳೆದುಕೊಂಡದ್ದು. ಕಾಲಿನ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಎಳೆತದ ಸುದ್ದಿಯನ್ನೂ ಇಲ್ಲ, ಮಂಜಿನ ಸುದ್ದಿಯನ್ನೂ ಇಲ್ಲ. ಅಲ್ಲಿಗೆ ಬಂದರೆ ನನ್ನ ಮಾತು ತಾನಾಗಿ ಬೇರೆ ಕಡೆ ತಿರುಗುತ್ತಿತ್ತು.

ಕೊನೆಗೊಂದು ದಿನ ಕಾಳಕ್ಕ ಮರ ನೋಡಿ, ಅಂಚಿನಿಂದ ಸಾಸಿವೆಯಷ್ಟು ಚೂರು ಮುರಿದು ನನ್ನ ಅಂಗೈಯಲ್ಲಿಟ್ಟಳು. "ಒಬ್ಬರಿಗೆ ಆಗುತ್ತೆ. ಇನ್ನೊಂದು ಚೂರು ಬೇಕಂದರೆ ಬರೋ ವರ್ಷ" ಅಂದಳು. ಹಾಲಪ್ಪ, "ಅವ್ವ, ನೀನೇ ಉಣ್ಣು" ಅಂದ. ಚೆನ್ನಾಜಿ ಆಗಲೇ ನನ್ನ ಚಾಪೆ ಕೊಡವಿ ಹಾಸಿದ್ದಳು. ಒಗ್ಗರಣೆ ಸೌಟಿನಲ್ಲಿ ಎಣ್ಣೆ ಕಾಯಿಸಿ ಚೂರು ಹಾಕಿದೆ. ಆ ವಾಸನೆ ಮನೆಯೆಲ್ಲ ಹರಡಿತು, ಹಾಲಪ್ಪ ಕಣ್ಣು ಮುಚ್ಚಿಕೊಂಡು ನಿಂತ. ನಾನು ಸಾರನ್ನು ತಂದು ಚೆನ್ನಾಜಿಯ ತಟ್ಟೆಗೆ ಸುರಿದೆ.

"ಅತ್ತೆ, ಇದು ನಿಮ್ಮದು!" ಅಂತ ಅವಳು ತಟ್ಟೆ ಸರಿಸಿದಳು. "ಸುಮ್ಮನೆ ಉಣ್ಣೇ. ನಿನ್ನ ಸೆರಗಿನ ನೂಲನ್ನ ಅದು ಒಳಗೆ ಸೇರಿಸಿಕೊಂಡಿದೆ, ನಿನಗೂ ಕನಸು ಬಂದೀತು. ನಾನು ಮಲಗಿ ಮಲಗಿ ಮುದುಕಿಯಾದೆ, ನೀನು ಒಂದು ದಿನವಾದರೂ ಮಲಗು" ಅಂದೆ. ಅವಳಿಗೆ ಕೊಡಬೇಕು ಅನ್ನುವ ಆಸೆಯೇನೋ ನಿಜ. ಹೆದರಿಕೆಯೂ ಅಷ್ಟೇ ನಿಜ. ಹೋಗಿ ನೋಡಿದರೆ ಜಗಲಿ ಖಾಲಿಯಿದ್ದರೆ? ಮಂಜು ಮಂಡಿಯಿಂದ ಎದೆಗೆ ಬಂದಿದ್ದರೆ? ಅವಳು ನನ್ನ ಮುಖ ನೋಡುತ್ತಲೇ ಉಂಡಳು. ಉಂಡು ನನ್ನ ಚಾಪೆಯ ಮೇಲೆ ಮಲಗಿದಳು. ಕಣ್ಣು ಮುಚ್ಚಿದ್ದು ಗೊತ್ತು, ಉಸಿರು ಊರಿನ ಉಸಿರಿನ ಜೊತೆ ಸೇರಿಹೋಯಿತು.

ನಾನು ಬೀಸಣಿಗೆ ಹಿಡಿದು ಅವಳ ಪಕ್ಕ ಕೂತೆ. ಆವತ್ತು ಊರಿನ ಹಾಲೆಲ್ಲ ಉಕ್ಕಿ ಹೋಗಿರಬೇಕು, ನಾನು ಕದಲಲಿಲ್ಲ. ಅವಳು ಒಮ್ಮೆ ಹುಬ್ಬು ಗಂಟಿಕ್ಕಿದಳು. ಒಮ್ಮೆ ಹೂಂ ಅಂದಳು. ಆಮೇಲೆ ನಿದ್ದೆಯಲ್ಲೇ ತಲೆಯ ಮೇಲೆ ಸೆರಗು ಎಳೆದುಕೊಂಡಳು, ಹಿರಿಯರು ಎದುರು ಬಂದರೆ ಹೆಣ್ಣುಮಕ್ಕಳು ಎಳೆದುಕೊಳ್ಳುವ ಹಾಗೆ. ನನ್ನ ಕೈಯಲ್ಲಿ ಬೀಸಣಿಗೆ ನಿಂತುಹೋಯಿತು.

ಬಿಸಿಲು ಹೊಸ್ತಿಲು ಬಿಟ್ಟು ಇಳಿಯುವಾಗ ಎದ್ದು ಕೂತಳು. ಇಷ್ಟು ವರ್ಷ ಅವಳು ನನ್ನನ್ನು ಕೇಳುತ್ತಿದ್ದುದನ್ನು ಈಗ ನಾನು ಅವಳನ್ನು ಕೇಳಿದೆ: "ಮಾವ ಏನಂದರೇ?"

ಅವಳು ಕಣ್ಣು ಉಜ್ಜಿಕೊಂಡಳು. "ಹಿತ್ತಲು ಇಲ್ಲ ಅತ್ತೆ, ಬಚ್ಚಲೂ ಇಲ್ಲ. ಮನೆ ಸಣ್ಣಗಿತ್ತು, ಒಂದು ಪಡಸಾಲೆ, ಒಂದು ಜಗಲಿ. ನಾನು ಪಡಸಾಲೆಯಲ್ಲಿ ನಿಂತಿದ್ದೆ. ಹೊರಗಿನಿಂದ ಯಾರೋ ನಡೆದು ಬರೋ ಸದ್ದು. ಒಂದು ಹೆಜ್ಜೆ ಎಳೆದ ಹಾಗೆ, ಒಂದು ಹೆಜ್ಜೆ ಊರಿದ ಹಾಗೆ. ಒಳಗೆ ಬಂದು ನನ್ನನ್ನು ಮೇಲಿನಿಂದ ಕೆಳಗೆ 'ಯಾರಮ್ಮ ನೀನು' ಅಂತ ನೋಡಿದರು. ನಿಮ್ಮ ಸೊಸೆ ಅಂದೆ. ನಕ್ಕರು. 'ಅವಳಿಗೆ ಹೇಳು, ಕಾಲು ಸಿಕ್ಕಿತು ಅಂತ' ಅಂದರು. ಹಂಗಂದರೆ ಏನತ್ತೆ?"

"ಚಪ್ಪಲಿ ಹಾಕಿಕೊಂಡಿದ್ದರಾ?" ಅಂತ ಕೇಳಿದೆ. "ಒಳಗೆ ಬರ್ತಿದ್ರಲ್ಲ, ಬಾಗಿಲಲ್ಲೇ ಬಿಟ್ಟರು" ಅಂದಳು. ನಾನು ಅವಳ ನೀಲಿ ಸೆರಗನ್ನೇ ಹಿಡಿದು ಮುಖಕ್ಕೆ ಒತ್ತಿಕೊಂಡು ಗೊಳೋ ಅಂತ ಅತ್ತುಬಿಟ್ಟೆ. ಅವಳು ಗಾಬರಿಯಾಗಿ ನನ್ನ ಬೆನ್ನು ಸವರುತ್ತಾ, "ಇನ್ನೂ ಒಂದು ಮಾತು ಅಂದರು ಅತ್ತೆ, ಹೇಳಲಾ?" ಅಂದಳು. ನಾನು ಹೂಂ ಅಂದೆ.

"ಸಾರಿಗೆ ಉಪ್ಪು ಕಮ್ಮಿಯಂತೆ."